ಆಗುಂಬೆ ಘಾಟಿಗೆ ಮೊದ್ಲು ಬ್ರೇಕು, ಆಮೇಲೆ ಪವರ್ರು

ಈ ಪಾರ್ಸೆಲ್ ಬೆಂಗ್ಳೂರಿಂದ ನಿನ್ನೆ ಲಾರಿ ಆಫೀಸಿಗೆ ಬಂತು, ಒಳಗಿರೋದು ಮುಂದಿನ ಬ್ರೇಕ್ ಪ್ಯಾಡು, ಹಬ್ ರಿಂಗು, ಹದಿನಾರು ನಟ್ಟು. ಇಷ್ಟೇನಾ, ಟರ್ಬೋ ಎಲ್ಲಿ ಅಂತ ಕೇಳ್ತೀರಿ ಅಂತ ಗೊತ್ತು. ಸ್ವಲ್ಪ ತಾಳಿ ಮಾರಾಯ್ರೆ, ಯಾಕೆ ಇಷ್ಟೇ ಅಂತ ಹೇಳೋಕೇ ಈ ವಿಡಿಯೋ ಮಾಡ್ತಿರೋದು.

ಗಾಡಿ 2002ರ ಹೋಂಡಾ ಸಿಟಿ ವಿಟೆಕ್, 1.5 ಲೀಟರ್ ಇಂಜಿನ್ನು, 106 ಎಚ್‌ಪಿ. ಆರ್‌ಎಕ್ಸ್-7, ಹಳೇ ಸುಪ್ರಾ ಥರದ ಜಪಾನ್ ಸ್ಪೋರ್ಟ್ಸ್ ಕಾರುಗಳನ್ನೆಲ್ಲ ನಮ್ಮ ದೇಶದಲ್ಲಿ ಕಂಪನಿಯವ್ರು ಮಾರ್ಲೇ ಇಲ್ಲ, ಇವೋ ಟೆನ್ನು, ಜಿಟಿ-ಆರ್ ಬಂದ್ರೂ ನಮ್ಮಂಥೋರ ಕೈಗೆ ಎಟುಕೋ ರೇಟಲ್ಲ, ಹಾಗಾಗಿ ಜಪಾನ್ ಗಾಡಿ ಹುಚ್ಚಿರೋ ನಮ್ಮೂರಿನ ಹುಡುಗ್ರು ಸಿಟಿ, ಸಿವಿಕ್, ಸೀಡಿಯಾ ಹಿಡ್ಕೊಂಡೇ ಬೆಳೆದಿದ್ದು. ನಾಲ್ಕು ಡೋರಿದ್ರೇನು, ಇದ್ರೊಳಗಿರೋದು ಹೋಂಡಾದೋರು 1989ರಲ್ಲಿ ಇಂಟೆಗ್ರಾದಲ್ಲಿ ಮೊದಲು ತಂದ ಅದೇ ವಿಟೆಕ್ ಐಡಿಯಾ. ಇಂಜಿನ್ನಿನ ವಾಲ್ವ್ ತೆರೆಸೋ ಕ್ಯಾಮ್ ಮೇಲೆ ಎರಡು ಥರದ ಲೋಬು, ಅಂದ್ರೆ ಉಬ್ಬು, ಆರ್‌ಪಿಎಂ ಏರ್ತಾ ಇದ್ದಂಗೆ ಆಯಿಲ್ ಪ್ರೆಶರ್ ಒಂದು ಪಿನ್ನನ್ನ ತಳ್ಳಿ ವಾಲ್ವ್ ಒತ್ತೋ ರಾಕರ್ ಆರ್ಮುಗಳನ್ನ ಒಟ್ಟಿಗೆ ಲಾಕ್ ಮಾಡುತ್ತೆ, ಆಗ ದೊಡ್ಡ ಲೋಬ್ ಕೆಲ್ಸ ಶುರು ಮಾಡುತ್ತೆ, ಆ ಕ್ಷಣಕ್ಕೆ ಸೌಂಡೇ ಬೇರೆ. ಗಾಜನೂರು ದಾಟಿ ರೋಡ್ ಖಾಲಿ ಸಿಕ್ಕಾಗ ಆ ಸೌಂಡ್ ಕೇಳಿದ್ರೆ ಈಗ್ಲೂ ಮೈ ಜುಮ್ ಅನ್ನುತ್ತೆ.

ಹೋಂಡಾ ಗಾಡಿಗೆ ಟ್ಯೂನಿಂಗ್ ಪಾರ್ಟ್ಸ್ ಮಾಡೋ ಮುಗೆನ್ ಕಂಪನಿ ಶುರುವಾಗಿದ್ದು 1973ರಲ್ಲಿ, ಶುರು ಮಾಡಿದ್ದು ಹೋಂಡಾ ಕಟ್ಟಿದ ಸೊಯಿಚಿರೋ ಹೋಂಡಾ ಅವ್ರ ಮಗ ಹಿರೋತೋಶಿ. ಎಚ್‌ಕೆಎಸ್ ಅನ್ನೋ ಇನ್ನೊಂದು ಟ್ಯೂನಿಂಗ್ ಪಾರ್ಟ್ಸ್ ಕಂಪನಿ ಶುರುವಾಗಿದ್ದೂ ಅದೇ ವರ್ಷ, ಅವ್ರು ಇರೋದು ಫುಜಿ ಬೆಟ್ಟದ ಬುಡದ ಫುಜಿನೋಮಿಯಾದಲ್ಲಿ. ಜಪಾನಲ್ಲಿ ಈ ಪಾರ್ಟ್ಸ್ ಹುಚ್ಚು ಬೆಳೆದಿದ್ದರಲ್ಲಿ ಟ್ರ್ಯಾಕಿನಷ್ಟೇ ಪಾಲು ಬೆಟ್ಟದ ರಸ್ತೆಗಳದ್ದೂ ಇದೆ, ಅದಕ್ಕೇ ನಂಗೆ ಇವು ಮಲೆನಾಡಿಗೆ ಹೊಂದುತ್ತೆ ಅನ್ಸೋದು. ಆದ್ರೆ ಆಗುಂಬೇಲಿ 14 ಹೇರ್‌ಪಿನ್ನು, ಜೂನ್ ಬಂತಂದ್ರೆ ಎದುರಿಗಿರೋ ಬಸ್ಸೂ ಕಾಣದಂಥ ಮಳೆ ಮಂಜು, ಅಂಥ ಕಡೆ ಹತ್ತು ಎಚ್‌ಪಿ ಜಾಸ್ತಿ ಮಾಡಿ ಏನು ಮಾಡ್ತೀರಿ? ಗಾಡಿ ನಿಲ್ಲಬೇಕು, ತಿರುಗಬೇಕು. ದುಡ್ಡು ಮೊದ್ಲು ಹೋಗ್ಬೇಕಾಗಿರೋದು ಅಲ್ಲಿಗೆ.

ಎಲ್ಲಕ್ಕಿಂತ ಮೊದ್ಲು ಬ್ರೇಕ್ ಆಯಿಲ್ಲು. ಇದನ್ನ ಯಾರೂ ರೀಲ್ಸಲ್ಲಿ ತೋರಿಸಲ್ಲ, ಫೋಟೋಗೆ ಚೆನ್ನಾಗಿ ಕಾಣೋ ವಸ್ತುನೂ ಅಲ್ಲ. ಡಾಟ್ 4 ಅನ್ನೋ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೂ ಕುದಿಯಬಾರದು ಅಂತ ರೂಲ್ ಇದೆ, ನೀರು ಹೀರಿಕೊಂಡ ಮೇಲೆ ಆ ಲೆಕ್ಕ 155ಕ್ಕೆ ಇಳಿಯುತ್ತೆ. ಅದು ಗಾಳಿಯಲ್ಲಿರೋ ತೇವಾನ ಹೀರ್ತಾನೇ ಇರುತ್ತೆ, ನಮ್ಮೂರ ಗಾಳೀಲಿ ತೇವಕ್ಕೇನು ಬರಗಾಲಾನಾ. ಆಗುಂಬೆಯಿಂದ ಸೋಮೇಶ್ವರಕ್ಕೆ ಬ್ರೇಕ್ ಮೇಲೆ ಕಾಲಿಟ್ಕೊಂಡೇ ಇಳಿದ್ರೆ ಪ್ಯಾಡನ್ನ ಒತ್ತೋ ಕ್ಯಾಲಿಪರ್ ಬಿಸಿಯಾಗಿ ಒಳಗಿನ ನೀರು ಆವಿಯಾಗುತ್ತೆ, ಆವಿನ ಒತ್ತಿದ್ರೆ ಅದು ಕುಗ್ಗುತ್ತೆ ಅಷ್ಟೇ, ಪ್ಯಾಡಿಗೆ ಒತ್ತಡ ಹೋಗಲ್ಲ, ಪೆಡಲ್ ಮೆತ್ತಗಾಗಿ ಕೆಳಗೆ ಹೋಗ್ಬಿಡುತ್ತೆ. ಎಷ್ಟು ದುಬಾರಿ ಪ್ಯಾಡ್ ಹಾಕಿದ್ರೂ ಆಗ ಉಪಯೋಗಕ್ಕೆ ಬರಲ್ಲ. ಹಾಗಾಗಿ ಮಳೆಗಾಲ ಮುಗಿದ ಕೂಡ್ಲೇ ನಾನು ಆಯಿಲ್ ಪೂರ್ತಿ ಬದಲಾಯಿಸ್ತೀನಿ, ಇಳಿಯುವಾಗ ಸೆಕೆಂಡ್ ಗೇರು.

ಇನ್ನು ರಿಮ್ಮು. ಟಿಇ37 ಹೆಸರು ಕೇಳಿರ್ತೀರಿ, ಜಪಾನಿನ ರೇಸ್ (RAYS) ಅನ್ನೋ ಕಂಪನಿಯವ್ರ ಆರು ಕಡ್ಡಿ ಫೋರ್ಜ್ಡ್ ರಿಮ್ಮು, ಅಂದ್ರೆ ಎರಕ ಹೊಯ್ಯದೆ ಲೋಹನ ಒತ್ತಿ ಮಾಡಿದ್ದು, 1996ರಲ್ಲಿ ಬಂದಿದ್ದು, 15 ಇಂಚಿನ, 6 ಇಂಚು ಅಗಲದ (6ಜೆ) ಸೈಜಲ್ಲಿ ತೂಕ 3.7 ಕೆಜಿ, ಆ 37 ಅಲ್ಲಿಂದಾನೇ ಬಂದಿದ್ದು. ಒಬ್ಬ ಸೆಕೆಂಡ್ ಹ್ಯಾಂಡ್ ಸೆಟ್ ತಂದು ಒರಿಜಿನಲ್ ಅಣ್ಣ, ಜಪಾನಿಂದೇ ಬಂದಿದ್ದು ಅಂದ. ಒಳಗಡೆ ಜೆಡಬ್ಲ್ಯೂಎಲ್, ವಿಐಎ ಅನ್ನೋ ಜಪಾನಿನ ರಿಮ್ ಗುಣಮಟ್ಟದ ಮಾರ್ಕೂ ಇತ್ತು, ಆದ್ರೆ ಅವನ್ನ ಯಾರು ಬೇಕಾದ್ರೂ ಅಚ್ಚು ಹಾಕ್ಬಹುದು. ನಮ್ಮ ದೊಡ್ಡಪ್ಪನ ಮನೇಲಿ ಅಡಿಕೆ ತೂಗೋ ಸ್ಕೇಲಿದೆ, ಅದೇ ಸೈಜಿನ ರಿಮ್ಮನ್ನ ಅದ್ರ ಮೇಲಿಟ್ರೆ ಆರು ಕೆಜಿ ಹತ್ರ ತೋರಿಸ್ತು. ದೊಡ್ಡಪ್ಪ ಕೈಯಲ್ಲಿ ಎತ್ತಿ ನೋಡಿ, ಇದು ಎರಕದ ಮಾಲು ಕಣೋ, ಬ್ಯಾಡ ಅಂದ್ರು. ಅವ್ರು ಹೇಳಿದ್ದು ಸರೀನೇ, ವಾಪಸ್ ಕಳಿಸಿದೆ. ಗುಂಡಿ ರೋಡಿಗೆ ಕಳಪೆ ಎರಕದ ಕಾಪಿ ರಿಮ್ ಹಾಕೋದು ತುಂಬಾ ಡೇಂಜರ್ರು, ಬೆಂಡ್ ಆಗೋ ಬದ್ಲು ಸೀಳಿ ಹೋಗ್ಬಹುದು.

ಕೊನೆಗೆ ಸಿಕ್ಕಿದ್ದು ಬೇರೊಂದು ಜಪಾನ್ ಸೆಟ್ಟು, ಅದಕ್ಕೇ ಈ ನಟ್ಟು. ನೋಡಿ, ಹತ್ರ ತೋರಿಸ್ತೀನಿ. ಹೋಂಡಾ ಗಾಡಿ ಜೊತೆ ಬರೋ ನಟ್ಟಿನ ಬಾಯಿ ಗುಂಡಗಿರುತ್ತೆ, ಬೇರೆ ಕಂಪನಿ ರಿಮ್ಮಲ್ಲಿ ನಟ್ ಕೂರೋ ತೂತು ಸಾಮಾನ್ಯವಾಗಿ 60 ಡಿಗ್ರಿ ಇಳಿಜಾರು. ಎರಡೂ ಎಂ12, 1.5 ಥ್ರೆಡ್ಡೇ, ತಿರುಗಿಸಿದ್ರೆ ಚೆಂದಾಗಿ ಹತ್ತುತ್ತೆ, ಟೈಟೂ ಆಗುತ್ತೆ, ಆದ್ರೆ ಒಳಗೆ ಒಂದು ಗೆರೆಯಷ್ಟು ಜಾಗದಲ್ಲಿ ಮಾತ್ರ ತಾಗಿರುತ್ತೆ, ಓಡ್ತಾ ಓಡ್ತಾ ಲೂಸಾಗುತ್ತೆ. ಹಾಗಾಗಿ ಇಳಿಜಾರು ಬಾಯಿದ್ದೇ ಬೇಕು. ಹಬ್ ರಿಂಗೂ ಅಷ್ಟೇ, ಈ ಸಿಟಿಯ ಹಬ್ಬು, ಅಂದ್ರೆ ರಿಮ್ ಕೂರೋ ನಡುವಿನ ಭಾಗ, 56.1 ಎಂಎಂ, ರಿಮ್ಮಿನ ನಡುವಿನ ತೂತು ಅದಕ್ಕಿಂತ ದೊಡ್ದು, ಆ ಸಂದು ತುಂಬದಿದ್ರೆ ರಿಮ್ ಸೆಂಟರಿಗೆ ಕೂರದೆ ಸ್ಟೇರಿಂಗ್ ನಡುಗ್ಬಹುದು. ಆಟೋ ಕಾಂಪ್ಲೆಕ್ಸಿನ ನಮ್ಮ ಮೆಕ್ಯಾನಿಕ್ ಭಾಯ್‌ಗೆ ಈ ರಿಂಗ್ ಹೊಸದು, ಆದ್ರೆ ಕೈಗೆ ತಗೊಂಡು ತಿರುಗಿಸಿ ನೋಡಿದ ಕೂಡ್ಲೇ, ಓ ಇದು ಸೆಂಟರಿಂಗಿಗಾ, ಕಳೆದ್ರೆ ಲೇತಲ್ಲಿ ನಾನೇ ಮಾಡಿಸ್ಕೊಡ್ತೀನಿ ಬಿಡಿ ಅಂದ್ರು. ಇಂಥ ಕೈಗಳು ನಮ್ಮೂರಲ್ಲಿರೋದು ನಮ್ಮ ಪುಣ್ಯ ಕಣ್ರೀ.

ಪವರ್ ಪಾರ್ಟು ಬೇಡ ಅಂತಲ್ಲ. 4-2-1 ಹೆಡರ್ ಒಂದು ತಂದಿಟ್ಟಿದೀನಿ, ಅಂದ್ರೆ ಇಂಜಿನ್ನಿಂದ ಹೊಗೆ ತರೋ ನಾಲ್ಕು ಪೈಪು ಮೊದ್ಲು ಎರಡಾಗಿ, ಆಮೇಲೆ ಒಂದಾಗೋ ಸೆಟ್ಟು. 4-2-1 ಯಾಕಂದ್ರೆ ಅದು ಮಧ್ಯದ ಆರ್‌ಪಿಎಂನಲ್ಲಿ ಎಳೀತದೆ, ಘಾಟಿ ಹತ್ತೋಕೆ ಬೇಕಾಗಿರೋದು ಅದೇ, ಅದನ್ನ ಬಿಟ್ಟು ನಾಲ್ಕೂ ಪೈಪು ನೇರ ಒಂದಾಗೋ 4-1 ಹಾಕಿದ್ರೆ ಮಜಾ ಎಲ್ಲ ಮೇಲ್ಗಡೆ ಆರ್‌ಪಿಎಂಗೆ ಹೋಗ್ಬಿಡುತ್ತೆ. ಸೈಲೆನ್ಸರ್ ಮಾತ್ರ ಕಂಪನಿದೇ ಇರುತ್ತೆ. ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಇದೆ, ಮೂಲ ಸ್ಪೆಸಿಫಿಕೇಶನ್ನಿಗೆ ವ್ಯತ್ಯಾಸ ಆಗೋ ಹಾಗೆ ಗಾಡಿ ಬದಲಾಯಿಸಂಗಿಲ್ಲ ಅಂತ ಸುಪ್ರೀಂ ಕೋರ್ಟೂ 2019ರಲ್ಲಿ ಹೇಳಿದೆ, ಅದೂ ಅಲ್ದೆ ರಾತ್ರಿ ಹತ್ತು ಗಂಟೆಗೆ ತೀರ್ಥಹಳ್ಳಿ ಪೇಟೇಲಿ ಡಬ್ ಡಬ್ ಅನ್ನಿಸ್ಕೊಂಡು ಹೋಗೋದು ನಂಗೆ ಸುತಾರಾಂ ಇಷ್ಟ ಇಲ್ಲ. ಅದಕ್ಕೇ ಹೆಡರ್ ವಿಷ್ಯಾನೂ ಆರ್‌ಟಿಒದಲ್ಲಿ ಕೇಳ್ಕೊಂಡೇ ಮುಂದಿನ ಮಾತು, ಅಲ್ಲೀವರ್ಗೂ ಅದು ಡಬ್ಬದಲ್ಲೇ ಇರ್ಲಿ.

ಈಗ ನಟ್ ಟೈಟ್ ಮಾಡೋಣ. ಎದುರುಬದುರಾಗಿ ಒಂದಾದ ಮೇಲೊಂದು, ಟಾರ್ಕ್ ರೆಂಚಲ್ಲಿ 108 ನ್ಯೂಟನ್ ಮೀಟರ್, ಏರ್ ಗನ್ ಹತ್ರಾನೂ ಬರ್ಬಾರ್ದು. ಹೊಸ ರಿಮ್ ಹಾಕಿ ಸುಮಾರು ನೂರು ಕಿಲೋಮೀಟರ್ ಓಡಿದ್ಮೇಲೆ ಮತ್ತೊಂದ್ಸಲ ಚೆಕ್ ಮಾಡ್ಬೇಕು. ಶಿವಮೊಗ್ಗದಿಂದ ಆಗುಂಬೆಗೆ ಹೆಚ್ಚುಕಮ್ಮಿ ಅಷ್ಟೇ ದೂರ, ಹಾಗಾಗಿ ಘಾಟಿ ಇಳಿಯೋಕ್ ಮುಂಚೆ ಬಸ್‌ಸ್ಟಾಂಡ್ ಹತ್ರ ಗಾಡಿ ಸೈಡಿಗೆ ಹಾಕಿ, ತಣ್ಣಗಾಗೋಕೆ ಬಿಟ್ಟು, ರೆಂಚ್ ತೆಗೀತೀನಿ. ಅಲ್ಲಿಂದ ಕೆಳಗೆ ಹೊಸ ಪ್ಯಾಡ್ ಹೆಂಗಿದೆ ಅಂತ ಮುಂದಿನ ವಿಡಿಯೋದಲ್ಲಿ ನೋಡೋಣ.