ಚೇಂಬರ್ ತುಂಬಿ ನಿಂತಿದೆಯಾ? ರಾಡ್ ಹಾಕೋಕೆ ಮುಂಚೆ ಬ್ಲಾಕ್ ಎಲ್ಲಿದೆ ಅಂತ ಪತ್ತೆ ಮಾಡಿ

[ದೃಶ್ಯ: ನೆಲಮಹಡಿ ಬಾತ್‌ರೂಮಿನ ಜಾಲರಿಯಿಂದ ಮೇಲೆ ಬರುತ್ತಿರುವ ಕೊಳಚೆ ನೀರು]

ನಮಸ್ಕಾರ. ಮೇಲಿನ ಮನೆಯಲ್ಲಿ ಫ್ಲಶ್ ಮಾಡಿದ್ರೆ ಕೆಳಗಿನ ಬಾತ್‌ರೂಮಿನ ಜಾಲರಿಯಲ್ಲಿ ನೀರು ಗುಳುಗುಳು ಅಂತ ಉಕ್ಕುತ್ತಾ? ಹಾಗಿದ್ರೆ ತೊಂದರೆ ಆ ಬಾತ್‌ರೂಮಿಂದಲ್ಲ. ಮನೆಯ ಎಲ್ಲ ಪೈಪೂ ಹೋಗಿ ಸೇರೋ ಮೇನ್ ಲೈನ್ ಕಟ್ಟಿಕೊಂಡಿದೆ. ಹೋಗೋಕೆ ದಾರಿ ಇಲ್ಲದ ನೀರು ಎಲ್ಲಕ್ಕಿಂತ ತಗ್ಗಿನಲ್ಲಿರೋ ಬಾಯಿಂದ ಹೊರಗೆ ಬರ್ತಿದೆ. ಅಡುಗೆಮನೆ ಸಿಂಕ್ ಒಂದೇ ನಿಂತಿದ್ರೆ ಅದು ಸಿಂಕಿನ ಕೆಳಗಿರೋ ಬಾಗಿದ ಪೈಪು, ಅಂದ್ರೆ ಟ್ರ್ಯಾಪ್ ವಿಷಯ, ಕೈಯಲ್ಲೇ ಬಿಚ್ಚಿ ತೊಳೀಬಹುದು. ಇವತ್ತು ಮಾತಾಡೋದು ಮೇನ್ ಲೈನ್ ಬಗ್ಗೆ ಮಾತ್ರ, ಅದರಲ್ಲೂ ಬಿಡಿಸಿದ ಹದಿನೈದು ದಿನಕ್ಕೆ ಮತ್ತೆ ಕಟ್ಟೋ ಹಠಮಾರಿ ಬ್ಲಾಕ್ ಬಗ್ಗೆ.

ಮೊದಲು ನೀರು ನಿಲ್ಲಿಸಿ. ಮಹಡಿಯಲ್ಲಿ ಬಾಡಿಗೆಗೆ ಇರೋರಿಗೂ ಹೇಳಿ, ವಾಷಿಂಗ್ ಮೆಷಿನ್ ಆಫ್ ಮಾಡಿಸಿ, ಬೇಕಾದ್ರೆ ಓವರ್‌ಹೆಡ್ ಟ್ಯಾಂಕಿನ ವಾಲ್ವನ್ನೇ ಬಂದ್ ಮಾಡಿ. ಇದನ್ನ ಮಾಡದೆ ಕೆಲಸಕ್ಕೆ ಇಳಿದ್ರೆ ಅರ್ಧದಲ್ಲಿ ಮೇಲಿಂದ ನೀರು ಬಂದು ಮುಖಕ್ಕೇ ಹಾರುತ್ತೆ.

[ದೃಶ್ಯ: ಮನೆ ಪಕ್ಕದ ಓಣಿ, ಸಾಲಾಗಿ ಮೂರು ಚೇಂಬರ್ ಮುಚ್ಚಳಗಳು]

ಈಗ ಚೇಂಬರ್‌ಗಳು, ಅಂದ್ರೆ ಮೇನ್ ಲೈನಿನ ದಾರಿಯಲ್ಲಿ ಮುಚ್ಚಳ ಹಾಕಿ ಕಟ್ಟಿರೋ ಗುಂಡಿಗಳು. ಉದ್ದ ರಬ್ಬರ್ ಗ್ಲೌಸ್, ಗಂಬೂಟ್ ಹಾಕ್ಕೊಳ್ಳಿ. ಹಾರೆಯಿಂದ ಮುಚ್ಚಳ ಎತ್ತಿ, ಸ್ವಲ್ಪ ಹೊತ್ತು ಗಾಳಿ ಆಡೋಕೆ ಬಿಡಿ. ಒಳಗೆ ಮೀಥೇನ್ ಇರಬಹುದು, ಅದಕ್ಕೇ ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡವೇ ಬೇಡ.

ರಸ್ತೆ ಕಡೆಯಿಂದ ಶುರು ಮಾಡಿ ಒಂದೊಂದೇ ಚೇಂಬರ್ ನೋಡ್ತಾ ಹೋಗಿ. ಒಂದು ಚೇಂಬರ್ ತುಂಬಿದೆ, ಅದಕ್ಕಿಂತ ರಸ್ತೆ ಕಡೆಗಿರೋ ಮುಂದಿನದು ಖಾಲಿ ಇದೆ ಅಂದ್ರೆ ಬ್ಲಾಕ್ ಇರೋದು ಆ ಎರಡರ ಮಧ್ಯದ ಪೈಪಿನಲ್ಲೇ. ಎಲ್ಲ ಚೇಂಬರೂ ಖಾಲಿ, ಆದ್ರೂ ಕಮೋಡ್ ಇಳೀತಿಲ್ಲ ಅಂದ್ರೆ ಕಮೋಡಿಂದ ಮೊದಲ ಚೇಂಬರ್‌ವರೆಗಿನ ಭಾಗ ನೋಡಿ. ರಸ್ತೆ ಪಕ್ಕದ ಕೊನೇ ಚೇಂಬರೂ ತುಂಬಿದ್ರೆ ಬ್ಲಾಕ್ ಅಲ್ಲಿಂದ ಆಚೆ ಇದೆ. ಆಗ ರಸ್ತೆಯ ಮ್ಯಾನ್‌ಹೋಲ್ ಉಕ್ಕುತ್ತಿದೆಯಾ, ಅಕ್ಕಪಕ್ಕದ ಮನೆಯಲ್ಲೂ ಇದೇ ಗೋಳಾ ಅಂತ ವಿಚಾರಿಸಿ. ಹೌದು ಅಂದ್ರೆ ನಿಮ್ಮ ಪೈಪಿಗೆ ಎಷ್ಟು ರಾಡ್ ಹಾಕಿದ್ರೂ ಪ್ರಯೋಜನ ಇಲ್ಲ. ಬೆಂಗಳೂರಿನಲ್ಲಿ ಜಲಮಂಡಳಿಯ 1916ಕ್ಕೆ ಫೋನ್ ಮಾಡಿ, ಬೇರೆ ಊರುಗಳಲ್ಲಿ ನಗರಸಭೆ, ಪಾಲಿಕೆಯ ಒಳಚರಂಡಿ ವಿಭಾಗಕ್ಕೆ ತಿಳಿಸಿ. ಒತ್ತಡದ ನೀರು ಹಾಯಿಸೋ ಜೆಟ್ಟಿಂಗ್ ಮೆಷಿನ್ ತರಬೇಕಾದವರು ಅವರು.

ಈ ಪತ್ತೆ ಕೆಲಸವನ್ನ ಬಿಟ್ಟು ನೇರ ರಾಡ್ ತುರುಕೋದರಿಂದಲೇ ಎಷ್ಟೋ ಮನೆಗಳಲ್ಲಿ ದುಡ್ಡೂ ಹೋಗುತ್ತೆ, ಅಂಗಳವೂ ಸುಮ್ಮನೆ ಅಗೆಸಿಕೊಳ್ಳುತ್ತೆ.

[ದೃಶ್ಯ: ರಾಡ್ ತುಂಡುಗಳು, ಅವುಗಳ ತುದಿಗೆ ಹಾಕುವ ಸುರುಳಿ ಮತ್ತು ರಬ್ಬರ್ ಬಿಲ್ಲೆ]

ಬಿದಿರು ದಬ್ಬೆ ಬೇಡ. ಪೈಪು ತಿರುಗೋ ಎಲ್‌ಬೋ ಹತ್ತಿರ ಅದು ಸೀಳಿ ಒಳಗೇ ಮುರಿಯುತ್ತೆ, ಮುರಿದ ಚೂರಿಗೆ ಕೂದಲು, ಬಟ್ಟೆ ಸಿಕ್ಕಿಕೊಂಡು ಹೊಸ ಬ್ಲಾಕ್ ಆಗುತ್ತೆ. ಬಗ್ಗುವ ಪ್ಲಾಸ್ಟಿಕ್ಕಿನ, ಮೂರಡಿ ತುಂಡುಗಳ, ಒಂದಕ್ಕೊಂದು ತಿರುಗಿಸಿ ಜೋಡಿಸೋ ಹಿತ್ತಾಳೆ ಮರೆ (ತಿರುಪು) ಇರೋ ರಾಡ್ ಸೆಟ್ ತಗೊಳ್ಳಿ. ತುದಿಗೆ ಎರಡು ಸುರುಳಿಯ ಸ್ಕ್ರೂ, ಅದು ಬಟ್ಟೆ, ಪ್ಯಾಡ್ ಹಿಡಿದು ಎಳೆಯೋಕೆ. ನಾಲ್ಕಿಂಚಿನ ರಬ್ಬರ್ ಬಿಲ್ಲೆ ಮೆತ್ತನೆ ಕೆಸರನ್ನ ತಳ್ಳೋಕೆ.

ರಾಡನ್ನ ಖಾಲಿ ಚೇಂಬರ್ ಕಡೆಯಿಂದ, ತುಂಬಿದ ಚೇಂಬರಿನತ್ತ ಹಾಕಿ. ಪೈಪಿನ ಬಾಯಿ ಕಣ್ಣಿಗೆ ಕಾಣುತ್ತೆ, ಒಳಗಿರೋದು ನಿಮ್ಮ ಕಡೆಗೇ ಬರುತ್ತೆ. ಆ ಖಾಲಿ ಚೇಂಬರಿನ ಹೊರಹೋಗುವ ಬಾಯಿಗೆ ಒಂದು ಕಬ್ಬಿಣದ ಜಾಲರಿ ಅಡ್ಡ ಇಡಿ, ಇಲ್ಲಾಂದ್ರೆ ಬಿಡಿಸಿದ್ದೆಲ್ಲ ಮುಂದಿನ ಪೈಪಿಗೆ ಹೋಗಿ ಕೂರುತ್ತೆ. ಚೇಂಬರ್ ಒಳಗೆ ಕಾಲಿಡಬೇಡಿ, ಮೇಲೆ ನಿಂತೇ ಮಾಡಿ. ಎರಡಡಿ ಉದ್ದಗಲದ ಚೇಂಬರಿನಲ್ಲಿ ಎರಡಡಿ ನೀರು ನಿಂತಿದ್ರೆ ಅದೇ 220 ಲೀಟರಿಗಿಂತ ಹೆಚ್ಚು. ಬಿಟ್ಟ ಕ್ಷಣ ಅಷ್ಟೂ ಒಟ್ಟಿಗೆ ನುಗ್ಗುತ್ತೆ.

ರಾಡನ್ನ ಯಾವಾಗಲೂ ಬಲಕ್ಕೆ ಮಾತ್ರ ತಿರುಗಿಸಿ, ತಳ್ಳುವಾಗಲೂ ಎಳೆಯುವಾಗಲೂ. ಎಡಕ್ಕೆ ತಿರುಗಿಸಿದ್ರೆ ಮರೆ ಬಿಚ್ಚಿ ರಾಡಿನ ಅರ್ಧ ಪೈಪಿನಲ್ಲೇ ಉಳಿಯುತ್ತೆ. ಆಮೇಲೆ ಅದನ್ನ ತೆಗೆಯೋಕೆ ನೆಲ ಅಗೀಬೇಕು. ರಾಡ್ ತಡೆದ ಜಾಗದಲ್ಲಿ ಚೇಂಬರ್ ಗೋಡೆಯ ನೇರಕ್ಕೆ ಒಂದು ಟೇಪ್ ಸುತ್ತಿ, ಹೊರಗೆಳೆದು ಅಳೆದು ಬರೆದಿಡಿ. ಹಠಮಾರಿ ಬ್ಲಾಕಿಗೆ ಈ ಅಳತೆ ಬಹಳ ಮುಖ್ಯ. ಮುಂದಿನ ಸಲವೂ ಅದೇ ಅಳತೆಗೆ ತಡೆದ್ರೆ ತಪ್ಪು ಮನೆಯವರ ಬಳಕೆಯಲ್ಲಿ ಮಾತ್ರ ಇಲ್ಲ, ಪೈಪಿನಲ್ಲೇ ಇದೆ. ಅಗೆಯೋದಾದ್ರೆ ಆ ಜಾಗ ಒಂದನ್ನೇ ಅಗೆದ್ರೆ ಸಾಕು.

[ದೃಶ್ಯ: ರಾಡಿನ ತುದಿಯಲ್ಲಿ ಸಿಕ್ಕಿ ಬಂದ ಬೇರಿನ ಗೊಂಚಲು]

ರಾಡಿನ ತುದಿಗೆ ಸಿಕ್ಕಿ ಬಂದಿದ್ದನ್ನ ತಕ್ಷಣ ಎಸೆಯಬೇಡಿ, ನೋಡಿ. ಕೂದಲೆಳೆಯಂಥ ಕಂದು ಬೇರು ಬಂದ್ರೆ ಪೈಪಿನ ಜಾಯಿಂಟ್ ಬಿಟ್ಟಿದೆ ಅಂತಲೇ ಅರ್ಥ. ಹಳೇ ಮನೆಗಳ ಸ್ಟೋನ್‌ವೇರ್ (ಸುಟ್ಟ ಜೇಡಿಮಣ್ಣಿನ) ಪೈಪಿನಲ್ಲಿ ಇದು ಸಾಮಾನ್ಯ, ಜಾಯಿಂಟಿನ ಸಿಮೆಂಟ್ ಬಿರುಕು ಬಿಟ್ಟಲ್ಲಿ ತೇವ ಹುಡುಕ್ಕೊಂಡು ಬೇರು ಒಳಗೆ ಬರುತ್ತೆ. ಕತ್ತರಿಸಿದ್ರೆ ಮತ್ತೆ ಬೆಳೆಯುತ್ತೆ, ಆ ಭಾಗ ಬದಲಾಯಿಸೋದೇ ದಾರಿ. ಬೂದು ಬಣ್ಣದ ಗಟ್ಟಿ ಚೂರು ಬಂದ್ರೆ ಸಿಮೆಂಟ್. ಟೈಲ್ಸ್ ಹಾಕಿದವರು ಬಾಂಡ್ಲಿ ತೊಳೆದ ನೀರನ್ನ ಜಾಲರಿಗೇ ಸುರಿದಿರ್ತಾರೆ, ಅದು ಪೈಪಿನ ತಳದಲ್ಲಿ ಕಲ್ಲಾಗಿ ಕೂತಿರುತ್ತೆ. ಇದಕ್ಕೆ ರಾಡೂ ಸಾಲದು, ಜೆಟ್ಟೂ ಎಷ್ಟೋ ಸಲ ಸಾಲದು. ಬಿಳಿ ಮೇಣದ ಹಾಗಿರೋದು ಅಡುಗೆಮನೆಯ ಜಿಡ್ಡು, ಇದು ಒತ್ತಡದ ನೀರಿಗೆ ಚೆನ್ನಾಗಿ ಬಿಡುತ್ತೆ. ಪ್ಯಾಡ್, ಡಯಾಪರ್, ಒದ್ದೆ ಟಿಶ್ಯೂ, ಪಾತ್ರೆ ಉಜ್ಜೋ ತೆಂಗಿನ ನಾರು ಬಂದ್ರೆ ಮನೆಯವರ ಜೊತೆ ಕೂತು ಮಾತಾಡಬೇಕು.

ಏನೂ ಸಿಕ್ಕಿಲ್ಲ, ನೀರು ನಿಧಾನ ಮಾತ್ರ ಅಂದ್ರೆ ಇಳಿಜಾರು ನೋಡಿ. ನಾಲ್ಕಿಂಚಿನ ಪೈಪು ಹತ್ತಡಿ ಓಡಿದ್ರೆ ಎರಡರಿಂದ ಮೂರಿಂಚು ಇಳೀಬೇಕು. ಕೆಳಗಿನ ಮಣ್ಣು ಕುಸಿದು ಪೈಪು ಜೋತುಬಿದ್ರೆ ಆ ತಗ್ಗಿನಲ್ಲಿ ಸದಾ ನೀರು ನಿಂತು ಕೆಸರು ಕೂರುತ್ತೆ.

ಇನ್ನೊಂದು ಕಡೆ ಎಲ್ಲರೂ ಮರೆಯೋದು: ಹಳೇ ಮನೆಗಳ ಕೊನೇ ಚೇಂಬರಿನಲ್ಲಿ ರಸ್ತೆಯ ಗ್ಯಾಸ್ ಒಳಗೆ ಬರದ ಹಾಗೆ ಒಂದು ದೊಡ್ಡ ಯು ಆಕಾರದ ಟ್ರ್ಯಾಪ್ ಇರುತ್ತೆ. ಅದರ ಮೇಲ್ಭಾಗದಲ್ಲಿ ರಾಡ್ ಹಾಕೋಕೆ ಒಂದು ಕಿಂಡಿ, ಅದಕ್ಕೊಂದು ಬಿರಡೆ. ರಸ್ತೆ ಲೈನ್ ತುಂಬಿ ಹಿಂದಕ್ಕೆ ಒತ್ತಿದಾಗ ಬಿರಡೆ ಕಳಚಿ ನೇರ ಟ್ರ್ಯಾಪಿನೊಳಗೇ ಬೀಳುತ್ತೆ. ಆಮೇಲೆ ನೀರು ಕಿಂಡಿ ಮಟ್ಟಕ್ಕೆ ಏರಿ, ಅಲ್ಲಿಂದಲೇ ಹರಿಯುತ್ತೆ, ಗಟ್ಟಿ ಕಸ ಮಾತ್ರ ಕೆಳಗೆ ತುಂಬುತ್ತಾ ಹೋಗುತ್ತೆ. ಪದೇ ಪದೇ ಕಟ್ಟೋ ಲೈನಿನಲ್ಲಿ ಈ ಬಿರಡೆ ಜಾಗದಲ್ಲಿದೆಯಾ ನೋಡಿ.

[ದೃಶ್ಯ: ಕಾಸ್ಟಿಕ್ ಸೋಡಾ ಮತ್ತು ಆಸಿಡ್ ಬಾಟಲಿ, ಮೇಲೆ ಕೆಂಪು ಅಡ್ಡಗೆರೆ]

ಕಾಸ್ಟಿಕ್ ಸೋಡಾ, ಆಸಿಡ್ ಸುರಿಯಬೇಡಿ. ನೂರಾರು ಲೀಟರ್ ನಿಂತ ನೀರಿನಲ್ಲಿ ಅದು ತೆಳುವಾಗಿ ಬ್ಲಾಕನ್ನ ಮುಟ್ಟೋದೇ ಇಲ್ಲ, ಆಮೇಲೆ ರಾಡ್ ಹಾಕೋರ ಕಣ್ಣಿಗೆ ಹಾರುತ್ತೆ. ಆಸಿಡ್ ಬ್ಲೀಚಿಂಗ್ ಪೌಡರ್ ಜೊತೆ ಸೇರಿದ್ರೆ ಕ್ಲೋರಿನ್ ಗ್ಯಾಸ್ ಏಳುತ್ತೆ, ಅದು ಪ್ರಾಣಕ್ಕೇ ಅಪಾಯ. ಕುದಿಯೋ ನೀರೂ ಬೇಡ. 60 ಡಿಗ್ರಿ ದಾಟಿದ ಶಾಖಕ್ಕೆ ಪಿವಿಸಿ ಮೆತ್ತಗಾಗುತ್ತೆ.

ರಾಡಿಗೆ ಬಿಡದಿದ್ರೆ ಜೆಟ್ಟಿಂಗ್ ಗಾಡಿಯವರನ್ನ ಕರೆಸಿ, ಕ್ಯಾಮೆರಾ ಇದ್ರೆ ಪೈಪಿನ ಒಳಗನ್ನೂ ತೋರಿಸಿ ಅಂತ ಕೇಳಿ. ಆದ್ರೆ ಯಾವ ಕಾರಣಕ್ಕೂ, ಯಾರೇ ಒಪ್ಪಿದ್ರೂ, ಆಳವಾದ ಚೇಂಬರಿಗೆ, ಮ್ಯಾನ್‌ಹೋಲಿಗೆ, ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯನನ್ನ ಇಳಿಸಬೇಡಿ. ಅಲ್ಲಿರೋ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತೆ. ಪ್ರಮಾಣ ಹೆಚ್ಚಾದಾಗ ಮೂಗಿನ ಗ್ರಹಿಕೆಯೇ ಸತ್ತು ವಾಸನೆ ಗೊತ್ತಾಗೋದಿಲ್ಲ. ಇಳಿದವರು ಕುಸಿದಾಗ ಎತ್ತೋಕೆ ಹೋದವರೂ ಸಾಯ್ತಾರೆ. ಮಲ ಹೊರುವ ಪದ್ಧತಿ ನಿಷೇಧಿಸೋ 2013ರ ಕಾನೂನಿನ ಪ್ರಕಾರ ಸರಿಯಾದ ಸುರಕ್ಷತೆ ಇಲ್ಲದೆ ಒಳಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ಇಳಿಸಿ ಕೈಯಿಂದ ಕ್ಲೀನ್ ಮಾಡಿಸೋದು ಅಪರಾಧ. ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು, 2 ಲಕ್ಷದವರೆಗೆ ದಂಡ, ಅಥವಾ ಎರಡೂ. ನೇರವಾಗಿ ಅಲ್ಲ, ಇನ್ನೊಬ್ಬರ ಮೂಲಕ ಮಾಡಿಸಿದೆ ಅಂದ್ರೂ ತಪ್ಪಿಸಿಕೊಳ್ಳೋಕಾಗಲ್ಲ.

[ದೃಶ್ಯ: ಒಂದು ಚೇಂಬರಿನಲ್ಲಿ ಟಾರ್ಚ್, ಇನ್ನೊಂದರಲ್ಲಿ ಕೋಲಿಗೆ ಕಟ್ಟಿದ ಕನ್ನಡಿ]

ಬಿಟ್ಟಿತು ಅಂದ ತಕ್ಷಣ ಮುಚ್ಚಳ ಮುಚ್ಚಬೇಡಿ. ಮೇಲಿನ ಚೇಂಬರಿಗೆ ನಾಲ್ಕೈದು ಬಕೆಟ್ ನೀರನ್ನ ಒಂದರ ಹಿಂದೆ ಒಂದು ಸುರಿಯಿರಿ. ನಂತರ ಒಂದು ಚೇಂಬರಿನಲ್ಲಿ ಪೈಪಿನ ಬಾಯಿಗೆ ಟಾರ್ಚ್ ಹಿಡಿಸಿ, ಇನ್ನೊಂದರಲ್ಲಿ ಕನ್ನಡಿಯನ್ನ ಓರೆ ಮಾಡಿ ಇಳಿಸಿ. ನೇರ ಪೈಪಾಗಿದ್ರೆ ಬೆಳಕು ಪೂರ್ತಿ ದುಂಡಗೆ ಕಾಣಬೇಕು. ಕೆಳಭಾಗ ಕತ್ತರಿಸಿದ ಹಾಗಿದ್ರೆ ಇನ್ನೂ ಕೆಸರೋ ಸಿಮೆಂಟೋ ಇದೆ, ಮಧ್ಯದಲ್ಲಿ ನೀರು ಹೊಳೆದ್ರೆ ಪೈಪು ಜೋತಿದೆ. ಮುಚ್ಚಳ ತೆಗೆದಿರುವಾಗಲೇ ಮಳೆನೀರಿನ ಪೈಪನ್ನ ಯಾರಾದ್ರೂ ಈ ಚೇಂಬರಿಗೆ ಕೊಟ್ಟಿದ್ದಾರಾ ಅಂತ ನೋಡಿ, ಇದ್ರೆ ತಪ್ಪಿಸಿ. ತಾರಸಿಯ ಮರಳು, ಎಲೆ ಎಲ್ಲ ಅದರ ಮೂಲಕವೇ ಲೈನಿಗೆ ಬಂದು ಸೇರುತ್ತೆ.