ಆಷಾಢದಲ್ಲಿ ಹಾರುವುದೇ? ಡ್ರೋನ್ ಸಾಗಣೆ ಮತ್ತು ನಮ್ಮ ಮಲೆನಾಡು

ಮಾನ್ಯ ಅಧ್ಯಕ್ಷರೇ, ಹಿರಿಯರೇ, ವಿದ್ಯಾರ್ಥಿ ಮಿತ್ರರೇ,

ಮಲೆನಾಡಿನಲ್ಲಿ ಬೆಳೆದವರಿಗೆ ಸಾಮಾನು ಕಳಿಸುವುದು, ತರಿಸಿಕೊಳ್ಳುವುದು ಎಂದೊಡನೆ ಮೊದಲು ನೆನಪಾಗುವವನು ಬಸ್ಸಿನ ಕಂಡಕ್ಟರ್. ತೀರ್ಥಹಳ್ಳಿಯ ಅಂಗಡಿಯಲ್ಲಿ ಕೊಂಡ ಔಷಧಿಯ ಪೊಟ್ಟಣ, ಪಂಪ್‌ಸೆಟ್ಟಿನ ವಾಷರು, ಮದುವೆಯ ಕರೆಯೋಲೆಗಳ ಕಟ್ಟು, ಎಲ್ಲವೂ ಡ್ರೈವರನ ಪಕ್ಕದಲ್ಲಿ ಕುಳಿತು ಬಂದು ಊರಿನ ತಿರುವಿನಲ್ಲಿ ಇಳಿಯುತ್ತಿದ್ದವು. ರಸೀದಿಯಿರಲಿಲ್ಲ, ವಿಮೆಯಿರಲಿಲ್ಲ, ಆದರೂ ಕಳೆದುಹೋದದ್ದು ಕಡಿಮೆ. ಕೊಪ್ಪದ ಸಹಕಾರ ಸಾರಿಗೆಯ ಬಸ್ಸುಗಳು 2020ರಲ್ಲಿ ನಿಂತಾಗ ಪ್ರಯಾಣಿಕರ ಜೊತೆಗೆ ಈ ಪೊಟ್ಟಣಗಳಿಗೂ ದಾರಿ ತಪ್ಪಿತು. ಕಂಡಕ್ಟರ್ ತಂದುಕೊಡುತ್ತಿದ್ದ ವಸ್ತುಗಳಲ್ಲಿ ಯಾವುವನ್ನು ಆಕಾಶಕ್ಕೆ ಒಪ್ಪಿಸಬಹುದು, ವರ್ಷದ ಯಾವ ತಿಂಗಳುಗಳಲ್ಲಿ ಒಪ್ಪಿಸಬಹುದು ಎಂಬುದೇ ಈ ಹೊತ್ತಿನ ನನ್ನ ಮಾತಿನ ವಿಷಯ.

ಡ್ರೋನ್ ಎಂಬ ಹೆಸರು ನಮಗೆ ಹೊಸದೇನಲ್ಲ. ಮದುವೆ ಮಂಟಪದ ಮೇಲೆ ಸುತ್ತುವ ಕ್ಯಾಮೆರಾ ಡ್ರೋನನ್ನೂ, ಅಡಿಕೆ ತೋಟಕ್ಕೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯಲು ತಂದು ತೋರಿಸಿದ ಡ್ರೋನನ್ನೂ ಇಲ್ಲಿರುವ ಅನೇಕರು ನೋಡಿದ್ದೀರಿ. ಮೇಲಿನಿಂದ ಬೀಳುವ ಹನಿ ಸೋಗೆಯ ಮೇಲೆಯೇ ನಿಂತರೆ ಕೊಳೆರೋಗ ತಗಲುವ ಅಡಿಕೆಗೊನೆಗೆ ಔಷಧಿ ಮುಟ್ಟುವುದು ಕಷ್ಟವೆಂದು, ಮರವೇರಿ ಕೊನೆ ಇಳಿಸುವ ನಮ್ಮ ಕೊನೆಗೌಡರು ಆಗಲೇ ಗೊಣಗಿದ್ದನ್ನೂ ನೀವು ಕೇಳಿರಬಹುದು. ಆ ಚರ್ಚೆ ಇಂದು ಬೇಡ. ಆದರೆ ಯಂತ್ರ ಹಾರುತ್ತದೆಯೇ ಎಂದು ಬೆರಗಾಗುವುದನ್ನು ಬಿಟ್ಟು, ತಲುಪಬೇಕಾದಲ್ಲಿಗೆ ತಲುಪಿಸುತ್ತದೆಯೇ ಎಂದು ಕೇಳಿದ ಅವರ ರೀತಿ ನಮಗೂ ಇರಲಿ.

ಈ ಉದ್ಯಮದ ಕಥೆ ದೊಡ್ಡ ಮಾತಿನಿಂದ ಶುರುವಾಯಿತು. 2013ರ ಡಿಸೆಂಬರ್‌ನಲ್ಲಿ ಅಮೆಜಾನ್‌ನ ಜೆಫ್ ಬೆಜೋಸ್ ದೂರದರ್ಶನದ ಕಾರ್ಯಕ್ರಮವೊಂದರಲ್ಲಿ, ಇನ್ನು ಕೆಲವೇ ವರ್ಷಗಳಲ್ಲಿ ಮನೆಯಂಗಳಕ್ಕೆ ಡ್ರೋನ್ ಪಾರ್ಸೆಲ್ ತರುತ್ತದೆ ಎಂಬ ಚಿತ್ರವನ್ನು ಮುಂದಿಟ್ಟರು. ಆ ಸಂಸ್ಥೆ ಅಮೆರಿಕದ ಗಿರಾಕಿಗಳಿಗೆ ಡ್ರೋನಿನಿಂದ ಸಾಮಾನು ಇಳಿಸತೊಡಗಿದ್ದು 2022ರ ಕೊನೆಗೆ, ಅದೂ ಎರಡು ಸಣ್ಣ ಊರುಗಳಲ್ಲಿ. ಈ ನಡುವೆ ಉದ್ಯಮ ಬೇರೂರಿದ್ದು ಯಾರೂ ಅಷ್ಟಾಗಿ ಗಮನಿಸದ ನೆಲದಲ್ಲಿ. ಸಾವಿರ ಬೆಟ್ಟಗಳ ನಾಡೆಂದು ಹೆಸರಾದ ರುವಾಂಡದಲ್ಲಿ ಜಿಪ್‌ಲೈನ್ ಎಂಬ ಸಂಸ್ಥೆ 2016ರ ಅಕ್ಟೋಬರ್‌ನಲ್ಲಿ ಮುಹಾಂಗಾ ಎಂಬ ಊರಿನಿಂದ ಆಸ್ಪತ್ರೆಗಳಿಗೆ ರಕ್ತ ಕಳಿಸಲು ಆರಂಭಿಸಿತು. ಅದು ಬಳಸುವುದು ನಾವು ನೋಡಿರುವ ನಾಲ್ಕು ರೆಕ್ಕೆ ತಿರುಗುವ ಯಂತ್ರವನ್ನಲ್ಲ, ಪುಟ್ಟ ವಿಮಾನವನ್ನು. ಕವಣೆಯಂಥ ಸಾಧನದಿಂದ ಚಿಮ್ಮಿಸಿದ ಆ ವಿಮಾನ ಗಂಟೆಗೆ ಸುಮಾರು 100 ಕಿಲೋಮೀಟರ್ ವೇಗದಲ್ಲಿ ಹೋಗಿ, ಆಸ್ಪತ್ರೆಯ ಮುಂದೆ ಕಾಗದದ ಪ್ಯಾರಾಚೂಟಿನಲ್ಲಿ ಪೆಟ್ಟಿಗೆಯನ್ನು ಬಿಟ್ಟು, ಎಲ್ಲಿಯೂ ಇಳಿಯದೆ ವಾಪಸಾಗುತ್ತದೆ. ಹೊರುವ ಭಾರ ಎರಡು ಕಿಲೋಗ್ರಾಮಿಗೂ ತುಸು ಕಡಿಮೆ.

ಎರಡು ಕಿಲೋ ಎಂದರೆ ನಮ್ಮ ಲೆಕ್ಕದಲ್ಲಿ ಒಂದು ಹಲಸಿನ ಹಣ್ಣನ್ನೂ ಹೊರಲಾರದ ಯಂತ್ರ. ಆದರೆ ಒಂದು ರಕ್ತದ ಚೀಲದ ತೂಕ ಅರ್ಧ ಕಿಲೋವನ್ನೂ ಮುಟ್ಟುವುದಿಲ್ಲ, ಮತ್ತು ಅದರ ಬೆಲೆ ತೂಕದಲ್ಲಿಲ್ಲ, ಹೊತ್ತಿನಲ್ಲಿದೆ. ರುವಾಂಡದ ಅನುಭವವನ್ನು ಪರಿಶೀಲಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಡ್ರೋನ್ ಬಂದ ಮೇಲೆ ಅವಧಿ ಮೀರಿ ಚೆಲ್ಲಬೇಕಾಗಿ ಬರುತ್ತಿದ್ದ ರಕ್ತದ ಪ್ರಮಾಣ ಒಂದು ವರ್ಷದಲ್ಲಿ ಶೇ. 67ರಷ್ಟು ತಗ್ಗಿತು. ನನಗೆ ವೇಗಕ್ಕಿಂತ ಹೆಚ್ಚು ಅರ್ಥಪೂರ್ಣವಾಗಿ ಕಾಣುವುದು ಈ ಸಂಖ್ಯೆ. ಪ್ರತಿ ಸಣ್ಣ ಆಸ್ಪತ್ರೆಯೂ ಎಂದೋ ಬೇಕಾದೀತೆಂದು ಅಪರೂಪದ ಗುಂಪಿನ ರಕ್ತವನ್ನು ಇಟ್ಟುಕೊಂಡು ಕಾಯುವ ಬದಲು, ಒಂದೆಡೆ ಇಟ್ಟು ಕರೆದಾಗ ಕಳಿಸುವುದು ಸಾಧ್ಯವಾಯಿತು. ರಕ್ತದಲ್ಲಿನ ಪ್ಲೇಟ್‌ಲೆಟ್ ಅಂಶವನ್ನು 20ರಿಂದ 24 ಡಿಗ್ರಿ ಉಷ್ಣತೆಯಲ್ಲಿ, ಸದಾ ಮೆಲ್ಲಗೆ ಅಲುಗಾಡಿಸುತ್ತ, ಐದು ದಿನ ಮಾತ್ರ ಇಡಬಹುದು. ಹೊಸನಗರದಂಥ ತಾಲ್ಲೂಕು ಕೇಂದ್ರದಲ್ಲಿ ಅದನ್ನು ಸಂಗ್ರಹಿಸಿಡುವುದೆಂದರೆ ಹೆಚ್ಚುಪಾಲು ಚೆಲ್ಲುವುದಕ್ಕೇ ಸಂಗ್ರಹಿಸಿದಂತೆ. ಜಿಪ್‌ಲೈನ್ 2019ರಲ್ಲಿ ಘಾನಾ ದೇಶಕ್ಕೆ ಹೋಯಿತು. 2024ರ ಏಪ್ರಿಲ್ ಹೊತ್ತಿಗೆ ಹತ್ತು ಲಕ್ಷ ವಾಣಿಜ್ಯ ಸಾಗಣೆಗಳನ್ನು ಪೂರೈಸಿದುದಾಗಿ ಘೋಷಿಸಿತು.

ನಗರಗಳ ಕಥೆ ಬೇರೆ. ಗೂಗಲ್‌ನ ಬಳಗಕ್ಕೆ ಸೇರಿದ ವಿಂಗ್ ಸಂಸ್ಥೆ ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ಕಾಫಿ, ತಿಂಡಿಗಳನ್ನು ಹಗ್ಗದಲ್ಲಿ ಇಳಿಬಿಡತೊಡಗಿದಾಗ ಬಾನಿಥನ್ ಬಡಾವಣೆಯ ಜನ ಸದ್ದಿಗೆ ಬೇಸತ್ತು ಪ್ರತಿಭಟಿಸಿದರು. ಸಂಸ್ಥೆ ಸದ್ದು ಕಡಿಮೆಯಾದ ರೆಕ್ಕೆಗಳನ್ನು ರೂಪಿಸಬೇಕಾಯಿತು. 2021ರಲ್ಲಿ ಅದೇ ನಗರದಲ್ಲಿ ಗೂಡು ಕಾಯುತ್ತಿದ್ದ ಕಾಗೆಯ ಜಾತಿಯ ಹಕ್ಕಿಯೊಂದು ಡ್ರೋನಿನ ಮೇಲೆರಗಿ, ಆ ಭಾಗದಲ್ಲಿ ಸೇವೆಯನ್ನೇ ಕೆಲಕಾಲ ನಿಲ್ಲಿಸಿತು. ಕಾಫಿ ಹದಿನೈದು ನಿಮಿಷ ತಡವಾದರೆ ಯಾರಿಗೂ ಏನೂ ಆಗುವುದಿಲ್ಲ. ಹತ್ತಿರ ಹತ್ತಿರ ಮನೆಗಳಿದ್ದು, ದಿನಕ್ಕೆ ನೂರಾರು ಬೇಡಿಕೆ ಬಂದರೆ ಮಾತ್ರ ಇಂಥ ಸೇವೆಯ ಖರ್ಚು ಹುಟ್ಟುತ್ತದೆ. ಗುಡ್ಡಕ್ಕೊಂದು ಮನೆ, ಹಳ್ಳದಾಚೆಗೊಂದು ಮನೆ ಇರುವ ನಮ್ಮಲ್ಲಿ ಬಿಸಿ ಕಾಫಿಯನ್ನು ಆಕಾಶದಿಂದ ಇಳಿಸಿ ಯಾರೂ ಲಾಭ ಮಾಡಲಾರರು. ಆ ಆಸೆಯನ್ನು ತೋರಿಸಿಕೊಂಡು ಬರುವವರನ್ನು ಉಪ್ಪಿಟ್ಟು ಕೊಟ್ಟು ಕಳಿಸಿಬಿಡುವುದು ಒಳ್ಳೆಯದು.

ಭಾರತದಲ್ಲಿ ಬಾಗಿಲು ತೆರೆದದ್ದು 2021ರ ಆಗಸ್ಟ್ 25ರಂದು ಪ್ರಕಟವಾದ ಡ್ರೋನ್ ನಿಯಮಗಳಿಂದ. ಅದಕ್ಕೂ ಸ್ವಲ್ಪ ಮೊದಲು, ಅದೇ ವರ್ಷದ ಜೂನ್‌ನಲ್ಲಿ, ನಮ್ಮ ಗೌರಿಬಿದನೂರಿನಲ್ಲಿ ಕಣ್ಣಳತೆಯಾಚೆಗೆ ಡ್ರೋನ್ ಹಾರಿಸುವ ಪರೀಕ್ಷೆ ನಡೆದಿತ್ತು. ಚಾಲಕನ ಕಣ್ಣಿಗೆ ಕಾಣುವಷ್ಟು ದೂರ ಮಾತ್ರ ಹಾರಿಸುವುದಾದರೆ ಸಾಗಣೆ ಎಂಬ ಮಾತಿಗೇ ಅರ್ಥವಿಲ್ಲವಾದ್ದರಿಂದ ಇಡೀ ಉದ್ಯಮದ ಕೀಲಿ ಇರುವುದು ಈ ಅನುಮತಿಯಲ್ಲಿ. ಸೆಪ್ಟೆಂಬರ್‌ನಲ್ಲಿ ತೆಲಂಗಾಣದ ವಿಕಾರಾಬಾದಿನಲ್ಲಿ ಔಷಧಿ ಸಾಗಿಸಿ ನೋಡಿದರು. ಅಕ್ಟೋಬರ್ 4ರಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಮಣಿಪುರದ ಬಿಷ್ಣುಪುರ ಆಸ್ಪತ್ರೆಯಿಂದ ಲೋಕ್ತಾಕ್ ಸರೋವರದ ಕರಾಂಗ್ ದ್ವೀಪಕ್ಕೆ ಕೋವಿಡ್ ಲಸಿಕೆ ಕಳಿಸಿತು. ರಸ್ತೆಯಲ್ಲಿ 26 ಕಿಲೋಮೀಟರ್ ಆಗುವ ದಾರಿ ಆಕಾಶದಲ್ಲಿ 15 ಕಿಲೋಮೀಟರ್ ಆಗಿ, ಹದಿನೈದು ನಿಮಿಷದೊಳಗೆ ಮುಗಿಯಿತು. ನವೆಂಬರ್ 13ರಂದು ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ರೂಪಿಸಿದ ಎಂಟು ರೆಕ್ಕೆಗಳ ಡ್ರೋನ್ ಚಂದಾಪುರದಿಂದ ಹಾರಗದ್ದೆಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 50 ಸೀಸೆ ಲಸಿಕೆಯನ್ನು ಸುಮಾರು ಹತ್ತು ನಿಮಿಷದಲ್ಲಿ ಮುಟ್ಟಿಸಿತು. ಅಂಚೆ ಇಲಾಖೆಯೂ 2022ರ ಮೇ ತಿಂಗಳಲ್ಲಿ ಕಚ್ಛ್ ಜಿಲ್ಲೆಯಲ್ಲಿ 46 ಕಿಲೋಮೀಟರ್ ದೂರಕ್ಕೆ ಪಾರ್ಸೆಲ್ ಕಳಿಸಿತು.

ಕರಾಂಗ್ ದ್ವೀಪದ ಸುದ್ದಿ ಓದಿದಾಗ ನನಗೆ ಕೂಡಲೇ ನೆನಪಾದದ್ದು ಶರಾವತಿ ಹಿನ್ನೀರಿನಾಚೆಯ ತುಮರಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ನಿಂತ ಮೇಲೆ ಕರೂರು, ಬಾರಂಗಿ ಭಾಗದ ಜನ ಸಾಗರಕ್ಕೆ ಬರಲು ಲಾಂಚಿಗಾಗಿ ಕಾದ ದಶಕಗಳನ್ನು ಇಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಸಂಜೆಯ ಕೊನೆಯ ಲಾಂಚು ಹೋದ ಮೇಲೆ ಜ್ವರ ಬಂದವರ ಪಾಡು ಆ ದಡದವರಿಗೇ ಗೊತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ 2.44 ಕಿಲೋಮೀಟರ್ ಉದ್ದದ ಸೇತುವೆ ಉದ್ಘಾಟನೆಯಾಯಿತು. ಇದನ್ನು ಹೇಳುವುದಕ್ಕೆ ಕಾರಣವಿದೆ: ಡ್ರೋನ್ ಸೇತುವೆಗೆ ಬದಲಿಯಲ್ಲ. ಡ್ರೋನ್ ಸೀಸೆಯನ್ನು ತಂದೀತು, ಬಸುರಿಯನ್ನು ಆಸ್ಪತ್ರೆಗೆ ಒಯ್ಯಲಾರದು. ರಸ್ತೆ ಕೇಳಿದ ಊರಿಗೆ ಡ್ರೋನ್ ತೋರಿಸಿ ಸಮಾಧಾನ ಹೇಳುವ ಕಾಲ ಬಂದರೆ ಅದನ್ನು ಒಪ್ಪಬಾರದು.

ಇನ್ನು ಮಳೆಯ ವಿಷಯ. ರುವಾಂಡದ ಬಹುಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆ 1,000ದಿಂದ 1,400 ಮಿಲಿಮೀಟರ್ ಆಸುಪಾಸಿನದು. ಆಗುಂಬೆಯಲ್ಲಿ ಅದು ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು, ಮತ್ತು ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಅಲ್ಲಿನ ವಿಮಾನಗಳು ಮಳೆಯಲ್ಲೂ ಹಾರುತ್ತವೆ ಎಂಬುದು ನಿಜ. ಆದರೆ ವಾರಗಟ್ಟಲೆ ಬಿಡದೆ ಸುರಿಯುವ ಮಳೆ, ಕಣಿವೆಯಿಂದ ಏರಿಬರುವ ಗಾಳಿ, ಮಧ್ಯಾಹ್ನವೂ ಕವಿದಿರುವ ಕಾವಳ, ಈ ಮೂರೂ ಕೂಡಿದ ಆಷಾಢ ಬೇರೆಯೇ ಪರೀಕ್ಷೆ. ಅಮೆಜಾನ್‌ನ ಹೊಸ ಮಾದರಿಯ ಎರಡು ಡ್ರೋನುಗಳು 2024ರ ಡಿಸೆಂಬರ್‌ನಲ್ಲಿ ಮಳೆಯ ಹವೆಯಲ್ಲಿ ನಡೆದ ಪರೀಕ್ಷಾ ಹಾರಾಟದಲ್ಲಿ ನೆಲಕ್ಕೆ ಬಿದ್ದವು. ಸಂಸ್ಥೆ ಕೆಲವು ತಿಂಗಳು ಸೇವೆ ನಿಲ್ಲಿಸಿತು. ಗಾಳಿಗೆದುರಾಗಿ ಹಾರುವ ಡ್ರೋನಿನ ಬ್ಯಾಟರಿ ಬೇಗ ಕರಗುತ್ತದೆ. ಒಂದು ಕಿಲೋ ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿಯ ಹತ್ತಿರಕ್ಕೂ ಒಂದು ಕಿಲೋ ಲಿಥಿಯಂ ಬ್ಯಾಟರಿ ಬರುವುದಿಲ್ಲವಾದ್ದರಿಂದ ಇದು ಸಣ್ಣ ಸಂಗತಿಯಲ್ಲ. ಹೀಗಾಗಿ ಗುಡ್ಡ ಕುಸಿದು ಘಾಟಿ ಮುಚ್ಚಿದಾಗ, ಅಂದರೆ ಡ್ರೋನ್ ಅತ್ಯಂತ ಬೇಕಾದ ದಿನಗಳಲ್ಲಿ, ಅದು ನೆಲ ಬಿಟ್ಟು ಏಳದಿರುವ ಸಾಧ್ಯತೆಯೇ ಹೆಚ್ಚು. ನಮ್ಮ ಜಿಲ್ಲೆಗೆ ಈ ಸೇವೆ ತರುತ್ತೇವೆ ಎನ್ನುವವರಿಗೆ ನಾವು ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಆಷಾಢದಲ್ಲಿ ಹಾರುವುದೇ?

ಹಾರದು ಎಂದೇ ಇಟ್ಟುಕೊಳ್ಳೋಣ. ಆಗಲೂ ಮಲೆನಾಡಿನಲ್ಲಿ ಅದಕ್ಕೊಂದು ಕೆಲಸವಿದೆ, ಮತ್ತು ಆ ಕೆಲಸ ಬೇಸಿಗೆಯದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಡಿಸೆಂಬರ್‌ನಿಂದ ಮೇವರೆಗಿನ ಒಣ ತಿಂಗಳುಗಳಲ್ಲಿ ಹೆಚ್ಚು ಕಾಣಿಸಿಕೊಳ್ಳುತ್ತದೆ, ಏಕೆಂದರೆ ರೋಗ ಹರಡುವ ಉಣುಗುಗಳ ಮರಿಗಳು ಚುರುಕಾಗುವುದು ಆಗಲೇ. 2019ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿ ಅದು ತಂದಿಟ್ಟ ಸಂಕಟವನ್ನು ನಾವು ಮರೆತಿಲ್ಲ. ಕಾಡಿಗೆ ಸೊಪ್ಪಿಗೋ ದರಗಿಗೋ ಹೋಗಿ ಬಂದವರಿಗೆ ಜ್ವರ ಬಂದಾಗ, ಮೊದಲ ಕೆಲವು ದಿನಗಳ ರಕ್ತದ ಮಾದರಿಯಲ್ಲೇ ವೈರಾಣುವನ್ನು ನೇರವಾಗಿ ಪತ್ತೆಹಚ್ಚುವುದು ಸುಲಭ. ಆ ಮಾದರಿ ತಂಪು ಪೆಟ್ಟಿಗೆಯಲ್ಲಿ ಶಿವಮೊಗ್ಗದ ಪ್ರಯೋಗಾಲಯಕ್ಕೆ ಬರಬೇಕು. ಒಂದೆರಡು ಮಾದರಿಗಾಗಿ ಜೀಪು ಹೊರಡಿಸುವುದೋ, ನಾಳೆ ಇನ್ನಷ್ಟು ಸೇರಲಿ ಎಂದು ಕಾಯುವುದೋ ಎಂಬ ಸಂದಿಗ್ಧ ಅಲ್ಲೇ ಹುಟ್ಟುತ್ತದೆ. ಕೆಲವೇ ಮಿಲಿಲೀಟರ್ ರಕ್ತ, ತಿಳಿಯಾದ ಆಕಾಶ, ಗೊತ್ತಾದ ಎರಡು ತುದಿಗಳು: ಡ್ರೋನಿಗೆ ಇದಕ್ಕಿಂತ ಒಗ್ಗುವ ಕೆಲಸ ನಮ್ಮ ಜಿಲ್ಲೆಯಲ್ಲಿ ನನಗೆ ಕಾಣುತ್ತಿಲ್ಲ. ಅದೇ ಡ್ರೋನ್ ಮರಳುವಾಗ, ರಕ್ತಸ್ರಾವದ ಲಕ್ಷಣ ಕಂಡ ರೋಗಿಗೆ ಬೇಕಾದ ಪ್ಲೇಟ್‌ಲೆಟ್ಟನ್ನು ತಾಲ್ಲೂಕು ಆಸ್ಪತ್ರೆಗೆ ತರಬಹುದು.

ಇಲ್ಲಿ ತೊಡಕುಗಳೂ ಇವೆ. ಈ ರಕ್ತ ಸೋಂಕಿನದು. ಮೂರು ಪದರದ ಭದ್ರ ಪ್ಯಾಕಿಂಗ್ ಇಲ್ಲದೆ ಅದನ್ನು ಕಾಡಿನ ಮೇಲೆ ಹಾರಿಸುವಂತಿಲ್ಲ, ಬಿದ್ದರೆ ಹುಡುಕಿ ತರುವ ಏರ್ಪಾಡು ಮೊದಲೇ ಇರಬೇಕು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ರಸ್ತೆಯಲ್ಲಿ ಸುಮಾರು 60 ಕಿಲೋಮೀಟರ್. ನೆಟ್ಟಗೆ ಮೇಲೇಳುವ ನಾಲ್ಕು ರೆಕ್ಕೆಯ ಡ್ರೋನಿಗೆ ಇಷ್ಟು ದೂರ ಆಗದ ಮಾತು, ವಿಮಾನದಂತೆ ಚಾಚಿದ ರೆಕ್ಕೆಯದೇ ಬೇಕು. ದಾರಿಯಲ್ಲಿ ಶೆಟ್ಟಿಹಳ್ಳಿ ಅಭಯಾರಣ್ಯವಿದೆ, ಸಕ್ರೆಬೈಲಿನ ಆನೆ ಬಿಡಾರವಿದೆ. ಇಂಗ್ಲಿಷಿನಲ್ಲಿ ಡ್ರೋನ್ ಎಂದರೆ ಗಂಡು ಜೇನು; ಜೇನಿನ ಝೇಂಕಾರಕ್ಕೆ ಆನೆಗಳು ಹಿಂಜರಿಯುತ್ತವೆಂದು ಕೀನ್ಯಾದ ಅಧ್ಯಯನಗಳು ತೋರಿಸಿವೆ, ಡ್ರೋನಿನ ಸದ್ದಿಗೂ ಅವು ಬೆದರಬಹುದು. ಆದ್ದರಿಂದ ದಾರಿಯನ್ನು ಗೆರೆ ಎಳೆದಂತೆ ನೇರವಾಗಿ ಹಾಕದೆ ಅರಣ್ಯ ಇಲಾಖೆಯೊಡನೆ ಕುಳಿತು ಹಾಕಬೇಕು. ನಗರದ ಅಂಚಿಗೆ ಬಂದರೆ ಸೋಗಾನೆಯ ವಿಮಾನ ನಿಲ್ದಾಣ. ನಿಲ್ದಾಣದ ಗಡಿಯಿಂದ 12 ಕಿಲೋಮೀಟರ್‌ವರೆಗೆ ನಿಯಮಗಳು ಬಿಗಿಯಾಗಿವೆ. ಎಂಟು ಕಿಲೋಮೀಟರಿನಾಚೆಗೂ 200 ಅಡಿಗಿಂತ ಮೇಲೇರಲು ಅನುಮತಿ ಬೇಕು. ಮೊಬೈಲ್ ಸಂಕೇತವನ್ನೇ ನಂಬಿ ನಡೆಯುವ ಡ್ರೋನಂತೂ ನಮ್ಮ ಕಣಿವೆಗಳಲ್ಲಿ ಅರ್ಧ ದಾರಿಯಲ್ಲೇ ಕಿವುಡಾಗುತ್ತದೆ. ಅಂಗಳದ ತುದಿಗೆ ಹೋಗಿ, ಕೈ ಮೇಲೆತ್ತಿ ಫೋನ್ ಮಾಡುವ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಹಾವಿನ ಕಡಿತದ ಪ್ರಶ್ನೆಯನ್ನು ಹಲವರು ಎತ್ತುತ್ತಾರೆ. ಕಡಿತಗಳು ಹೆಚ್ಚುವುದು ಮಳೆಗಾಲದಲ್ಲಿ, ಡ್ರೋನ್ ಹಾರದ ದಿನಗಳಲ್ಲಿ. ಆದರೆ ಪುಡಿಯ ರೂಪದ ಪ್ರತಿವಿಷವನ್ನು ಇಟ್ಟುಕೊಳ್ಳುವುದು ಕಷ್ಟವೇನಲ್ಲ. ಅದು ಆರೋಗ್ಯ ಕೇಂದ್ರದ ಕಪಾಟಿನಲ್ಲಿ ಮೊದಲೇ ಇರಬೇಕಾದ ವಸ್ತು, ಕಡಿದ ಮೇಲೆ ಆಕಾಶ ನೋಡಿ ಕಾಯಬೇಕಾದದ್ದಲ್ಲ. ಅದನ್ನು ಕೊಡುವ, ಕೊಟ್ಟ ಮೇಲೆ ರೋಗಿಯ ಬಳಿ ನಿಲ್ಲುವ ವೈದ್ಯರನ್ನು ಯಾವ ಡ್ರೋನೂ ಹೊತ್ತು ತರುವುದಿಲ್ಲ. ಇಲ್ಲಿ ಅದರ ಪಾಲಿನ ಕೆಲಸ ಚಿಕ್ಕದು: ಮೇ ತಿಂಗಳ ಕೊನೆಯ ಹಾರಾಟಗಳಲ್ಲಿ, ಗುಡುಗು ಶುರುವಾಗುವ ಮುನ್ನ, ಪ್ರತಿ ಕೇಂದ್ರದ ಕಪಾಟು ತುಂಬಿದೆಯೇ ಎಂದು ನೋಡಿ, ಕಡಿಮೆಯಿದ್ದಲ್ಲಿಗೆ ತಲುಪಿಸುವುದು.

ಆಮೇಲೆ ನಾಲ್ಕು ತಿಂಗಳು ಯಂತ್ರ ಶೆಡ್ಡಿನಲ್ಲಿರುತ್ತದೆ. ಗುತ್ತಿಗೆ ಬರೆಯುವವರು ಮರೆಯುವುದು ಇದನ್ನೇ. ಹಾರಾಟಕ್ಕಿಷ್ಟು ಎಂದು ಹಣ ಗೊತ್ತುಮಾಡಿದರೆ ಮಳೆಗಾಲದಲ್ಲಿ ಸಂಸ್ಥೆಗೆ ಆದಾಯವಿಲ್ಲ, ಡ್ರೋನ್ ನಡೆಸಲು ಕಲಿತ ಹುಡುಗರಿಗೆ ಸಂಬಳವಿಲ್ಲ. ಅವರು ಬೆಂಗಳೂರಿನ ಬಸ್ಸು ಹತ್ತಿದರೆ ಡಿಸೆಂಬರ್‌ನಲ್ಲಿ ಮೊದಲ ಜ್ವರದ ಸುದ್ದಿ ಬಂದಾಗ ಯಂತ್ರವಿರುತ್ತದೆ, ಹಾರಿಸುವವರಿರುವುದಿಲ್ಲ. ಜಿಲ್ಲಾಡಳಿತ ಇಂಥ ಸೇವೆಯನ್ನು ನಿಜವಾಗಿ ಬಯಸುವುದಾದರೆ ಹನ್ನೆರಡು ತಿಂಗಳ ಸಂಬಳವನ್ನು ಲೆಕ್ಕದಲ್ಲಿ ಸೇರಿಸಿ, ಆ ನಾಲ್ಕು ತಿಂಗಳು ಅದೇ ಹುಡುಗರ ಕೈಗೆ ಆರೋಗ್ಯ ಇಲಾಖೆಯ ತಂಪು ಪೆಟ್ಟಿಗೆಯನ್ನೂ ಒಂದು ಜೀಪನ್ನೂ ಕೊಡಬೇಕು. ಜೀಪು ಹೋಗದ ದಾರಿಗೆ, ಎಂದಿನಂತೆ, ಬಸ್ಸಿನ ಕಂಡಕ್ಟರನ ಫೋನ್ ನಂಬರನ್ನೂ.