ತುಕ್ಕನ್ನು ತಿಕ್ಕಬೇಡಿ: ಹಳೆಯ ಜಪಾನಿ ಕತ್ತಿಯ ಜಾತಕ ಓದುವುದು ಹೇಗೆ?

[ದೃಶ್ಯ: ಹೊಳೆಯುವ ಅಲಗು. ಒಂದು ಕೈ ಹಿಡಿಯೊಳಗಿನ ಬಿದಿರಿನ ಮೊಳೆಯನ್ನು ತಟ್ಟಿ ತೆಗೆಯುತ್ತದೆ. ಹಿಡಿ ಕಳಚಿಕೊಳ್ಳುತ್ತದೆ.]

ನಮಸ್ಕಾರ. ಈ ಅಲಗು ನೋಡಿ, ಮುಖ ನೋಡಿಕೊಳ್ಳಬಹುದು, ಅಷ್ಟು ಹೊಳಪು. ಈಗ ಹಿಡಿಯೊಳಗೆ ಅಡಗಿದ್ದ ಬಾಲ ನೋಡಿ. ಕಪ್ಪಗೆ ತುಕ್ಕು ಹಿಡಿದು ಕೂತಿದೆ. ನಮ್ಮ ಕೈ ಮೊದಲು ಹೋಗುವುದೇ ಸ್ಯಾಂಡ್ ಪೇಪರ್ ಕಡೆಗೆ, ಅಲ್ವಾ? ದಯವಿಟ್ಟು ಬೇಡ. ಈ ಕತ್ತಿ ಯಾರದು, ಯಾವ ಕಾಲದ್ದು ಅನ್ನುವುದೆಲ್ಲ ಇರುವುದು ಆ ತುಕ್ಕಿನಲ್ಲೇ.

ಮೊದಲು ಕತ್ತಿ ಹುಟ್ಟುವ ಕಥೆ, ಬೇಗ ಹೇಳಿಬಿಡುತ್ತೇನೆ.

[ದೃಶ್ಯ: ಮಣ್ಣಿನ ಕುಲುಮೆ, ಮೇಲೇಳುವ ಜ್ವಾಲೆ]

ಇದು ತತಾರ, ಅಂದರೆ ಮಣ್ಣಿನ ದೊಡ್ಡ ಕುಲುಮೆ. ಕಬ್ಬಿಣದ ಮರಳು ಮತ್ತು ಇದ್ದಿಲನ್ನು ಮೂರು ಹಗಲು, ಮೂರು ರಾತ್ರಿ ಸುರಿಯುತ್ತಲೇ ಇರಬೇಕು. ಸುಮಾರು 10 ಟನ್ ಮರಳು ಹಾಕಿದರೆ ಕೊನೆಗೆ ಎರಡೂವರೆ ಟನ್‌ನಷ್ಟು ಗಟ್ಟಿ ಸಿಗುತ್ತದೆ. ಅದರಲ್ಲೂ ಕತ್ತಿಗೆ ಒಗ್ಗುವ ಒಳ್ಳೆಯ ಉಕ್ಕು ಸ್ವಲ್ಪವೇ. ನಿಂತೇಹೋಗಿದ್ದ ಈ ಕೆಲಸವನ್ನು ಶಿಮಾನೆ ಪ್ರಾಂತ್ಯದಲ್ಲಿ 1977ರಲ್ಲಿ ಮತ್ತೆ ಶುರು ಮಾಡಿದರು. ನಮ್ಮ ಹಳೆ ಮೈಸೂರು ಸೀಮೆಯಲ್ಲಿ ಮೂಸೆಯೊಳಗೆ ಉಕ್ಕು ಕರಗಿಸುತ್ತಿದ್ದರಲ್ಲ, ಅದು ಬೇರೆಯದೇ ವಿದ್ಯೆ. ಎರಡನ್ನೂ ಬೆರೆಸಬೇಡಿ.

ಆಮೇಲೆ ಮಡಚುವುದು. ಸಾವಿರ ಸಲ ಮಡಚುತ್ತಾರೆ ಅನ್ನುವುದು ಸುಮ್ನೆ ಮಾತು. ಹತ್ತು ಹದಿನೈದು ಸಲ ಸಾಕು, ಕಿಟ್ಟ ಹೊರಗೆ ಹೋಗುತ್ತದೆ, ಉಕ್ಕು ಒಂದೇ ಸಮ ಆಗುತ್ತದೆ. ಪ್ರತಿ ಸಲ ಪದರ ಎರಡರಷ್ಟಾಗುವುದರಿಂದ 15ನೇ ಸಲಕ್ಕೆ ಲೆಕ್ಕ 32,768ಕ್ಕೆ ಮುಟ್ಟುತ್ತದೆ!

ನನಗೆ ಅಚ್ಚರಿ ಇದಕ್ಕಿಂತ ಮುಂದಿನ ಹೆಜ್ಜೆ. ಅಲಗಿನ ಬೆನ್ನಿಗೆ ದಪ್ಪವಾಗಿ, ಬಾಯಿಗೆ ತೆಳ್ಳಗೆ ಜೇಡಿಮಣ್ಣು ಮೆತ್ತಿ, ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಾರೆ. ಬಾಯಿ ತಟ್ಟನೆ ತಣಿದು ತುಂಬಾ ಗಡುಸಾಗುತ್ತದೆ. ಬೆನ್ನು ನಿಧಾನವಾಗಿ ತಣಿದು ಮೆತ್ತಗೆ ಉಳಿಯುತ್ತದೆ. ಗಡುಸಾದ ಭಾಗ ಸ್ವಲ್ಪ ಹಿಗ್ಗುವುದರಿಂದ ಕತ್ತಿ ಬಾಗುತ್ತದೆ. ಎರಡರ ನಡುವೆ ಮೂಡುವ ಬೆಳ್ಳನೆಯ ಅಲೆಗೆರೆಯೇ ಹಾಮೊನ್. ಒಬ್ಬೊಬ್ಬ ಕಮ್ಮಾರನದು ಒಂದೊಂದು ಥರ, ಕೈಬರಹದ ಹಾಗೆ.

[ದೃಶ್ಯ: ಬಾಲದ ಮೇಲೆ ಕೊರೆದ ಅಕ್ಷರಗಳು, ಹತ್ತಿರದಿಂದ]

ಈಗ ಬಾಲಕ್ಕೆ ಬರೋಣ. ಜಪಾನಿಯಲ್ಲಿ ನಾಕಾಗೊ. ಅಲಗನ್ನು ತಲೆಮಾರಿಗೊಮ್ಮೆ ಸಾಣೆ ಹಿಡಿದರೂ ಬಾಲವನ್ನು ಯಾರೂ ಉಜ್ಜುವುದಿಲ್ಲ. ಹಾಗಾಗಿ ನೂರಾರು ವರ್ಷದ ತುಕ್ಕು ಕಪ್ಪಾಗಿ, ಸಮನಾಗಿ ಕೂತಿರುತ್ತದೆ. ಹೊಸ ತುಕ್ಕು ಕೆಂಪಗೆ ಪುಡಿಪುಡಿ. ಬಾಲದ ಮೇಲೆ ಕಮ್ಮಾರ ಕೊರೆದ ಸಹಿಯ ಗೀರಿನೊಳಗೂ ಸುತ್ತಮುತ್ತಲಿನಷ್ಟೇ ಹಳೆಯ ತುಕ್ಕು ಇರಬೇಕು. ಹಳೆ ತುಕ್ಕನ್ನು ಸೀಳಿಕೊಂಡು ಅಕ್ಷರ ಮೂಡಿದ್ದರೆ ಅನುಮಾನ ಪಡಿ.

ಸಹಿ ಯಾವ ಬದಿಗಿದೆ ಅನ್ನುವುದೂ ಸುಳಿವು. ಹಳೆಯ ತಾಚಿ ಕತ್ತಿಯನ್ನು ಬಾಯಿ ಕೆಳಗಾಗಿ ತೂಗುಹಾಕುತ್ತಿದ್ದರು, ಕತಾನಾವನ್ನು ಬಾಯಿ ಮೇಲಾಗಿ ಸೊಂಟಕ್ಕೆ ಸಿಗಿಸುತ್ತಿದ್ದರು. ಸಹಿ ಸಾಮಾನ್ಯವಾಗಿ ಹೊರಗೆ ಕಾಣುವ ಬದಿಗೇ ಇರುವುದರಿಂದ ಎರಡರದೂ ಬೇರೆ ಬೇರೆ ಬದಿ.

ಆದರೆ ಸಹಿಯನ್ನು ನಂಬಿಬಿಡಬೇಡಿ. 17ನೇ ಶತಮಾನದ ಕೋತೆತ್ಸು ಎಂಬ ಕಮ್ಮಾರನ ಹೆಸರಲ್ಲಿ ಎಷ್ಟು ನಕಲಿ ಬಂದವು ಅಂದರೆ, ಕೋತೆತ್ಸು ಕಂಡರೆ ನಕಲಿ ಅಂದುಕೋ ಅನ್ನುವ ಮಾತೇ ಹುಟ್ಟಿತು. ಇನ್ನು ಕೆಲವು ಬಾಲಗಳಲ್ಲಿ ಚಿನ್ನದ ಅಕ್ಷರ ಇರುತ್ತದೆ: ಈ ಕತ್ತಿ ಒಂದೇ ಏಟಿಗೆ ಇಷ್ಟು ದೇಹ ಕತ್ತರಿಸಿತು ಅಂತ. ಮರಣದಂಡನೆ ಆದವರ ಹೆಣದ ಮೇಲೆ ಮಾಡಿದ ಪರೀಕ್ಷೆ ಅದು. ಓದುವಾಗ ಮೈ ಜುಮ್ಮೆನ್ನುತ್ತದೆ.

ಸಹಿಯೇ ಇಲ್ಲದಿದ್ದರೆ? ಉದ್ದ ಕತ್ತಿಗಳನ್ನು ಮುಂದೆ ಗಿಡ್ಡ ಮಾಡುವಾಗ ತುದಿಯನ್ನು ಬಿಟ್ಟು ಬಾಲವನ್ನೇ ಕತ್ತರಿಸುತ್ತಿದ್ದರು. ಸಹಿ ಅದರ ಜೊತೆಗೇ ಹೋಯಿತು. ಆಗ ಕತ್ತಿ ಪರೀಕ್ಷಕರಾದ ಹೊನ್‌ಆಮಿ ಮನೆತನದವರು ಅಲಗು ನೋಡಿ ಕಮ್ಮಾರನ ಹೆಸರು ಹೇಳಿ, ಮಡಚಿದ ಕಾಗದದಲ್ಲಿ ಬರೆದುಕೊಡುತ್ತಿದ್ದರು. ಆ ಪತ್ರದ ಹೆಸರು ಒರಿಗಾಮಿ. ಹೌದು, ಶಾಲೆಯಲ್ಲಿ ಕಾಗದದ ಕೊಕ್ಕರೆ ಮಾಡುತ್ತಿದ್ದೆವಲ್ಲ, ಅದೇ ಪದ.

[ದೃಶ್ಯ: ಖಾಲಿ ಕತ್ತಿ ಸ್ಟ್ಯಾಂಡ್]

ಇಂಥದ್ದೇ ಸಹಿಯಿಲ್ಲದ ಕತ್ತಿ ಹೊಂಜೊ ಮಸಮುನೆ. 1300ರ ಆಸುಪಾಸಿನ ಮಸಮುನೆ ಎಂಬ ಹೆಸರಾಂತ ಕಮ್ಮಾರನ ಕೆಲಸ ಅಂತ ಗುರುತಿಸಿದ್ದು. 16ನೇ ಶತಮಾನದ ಸೇನಾನಿ ಹೊಂಜೊ ಶಿಗೆನಾಗನಿಂದ ಅದಕ್ಕೆ ಈ ಹೆಸರು. ಕೈಯಿಂದ ಕೈಗೆ ದಾಟಿ, ಜಪಾನನ್ನು ಆಳಿದ ತೊಕುಗಾವಾ ಮನೆ ಸೇರಿತು. 1939ರಲ್ಲಿ ರಾಷ್ಟ್ರೀಯ ನಿಧಿ ಆಯಿತು. ಎರಡನೇ ಮಹಾಯುದ್ಧದಲ್ಲಿ ಜಪಾನ್ ಸೋತ ಮೇಲೆ ಆಯುಧ ಒಪ್ಪಿಸಬೇಕೆಂಬ ಆದೇಶ ಬಂತು. 1945ರ ಡಿಸೆಂಬರ್‌ನಲ್ಲಿ ತೊಕುಗಾವಾ ಇಎಮಾಸ ಅದನ್ನು ಟೋಕಿಯೊದ ಮೆಜಿರೊ ಪೊಲೀಸ್ ಠಾಣೆಗೆ ಕೊಟ್ಟರು. ಮುಂದಿನ ತಿಂಗಳು ಅಮೆರಿಕದ ಒಬ್ಬ ಸಾರ್ಜೆಂಟ್ ತೆಗೆದುಕೊಂಡು ಹೋದ ಅನ್ನುತ್ತಾರೆ. ಅಲ್ಲಿಗೆ ಜಾಡು ಮುಗಿಯಿತು.

ಅಳತೆ ಗೊತ್ತಿದೆ, ಅಲಗು ಸುಮಾರು 65 ಸೆಂಟಿಮೀಟರ್. ಹಾಮೊನ್ ಗೆರೆಯ ಹಳೆಯ ಚಿತ್ರವೂ ಉಳಿದಿದೆ. ಇವತ್ತು ಯಾವುದೋ ಮನೆಯ ಅಟ್ಟದಲ್ಲಿ ಸಿಕ್ಕರೂ ಹೋಲಿಸಿ ನೋಡಬಹುದು. ಅಷ್ಟರೊಳಗೆ ಯಾರೋ ಪುಣ್ಯಾತ್ಮ ಹಿಡಿ ಬಿಚ್ಚಿ, “ಅಯ್ಯೋ, ಎಷ್ಟೊಂದು ತುಕ್ಕು” ಅಂತ ತಿಕ್ಕಲು ಕೂರದಿದ್ದರೆ ಸಾಕು.